ಅಗಸೂರಿನ ಸರ್ವೆ ಕಲ್ಲು

ಫೆಬ್ರುವರಿ ಹನ್ನೆರಡರ ಬೆಳಿಗ್ಗೆ ಸರ್ವೇಯರ್ ವಿಕಾಸ ಅಂಕೋಲಾ ಠಾಣೆಗೆ ಬಂದು, ಅಗಸೂರಿನಲ್ಲಿ ತನ್ನ ಕಂಪನಿ ನೆಟ್ಟಿದ್ದ ಸರ್ವೆ ಕಲ್ಲೊಂದು ಕಾಣೆಯಾಗಿದೆಯೆಂದು ದೂರು ಕೊಟ್ಟ. ಬರಲಿರುವ ಅತಿವೇಗದ ರೈಲಿಗೆ ಅರ್ಧ ಹಣ ಸರ್ಕಾರದ್ದು, ಅರ್ಧ ಅವನ ಕಂಪನಿಯದ್ದು. ಪಿಎಸ್ಐ ನೀತಾ ಎಫ್ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ದತ್ತಾನನ್ನು ಕರೆದುಕೊಂಡು ಹೊರಟಳು.

ಕಲ್ಲು ಇದ್ದದ್ದು ಊರಿನ ಮಹಾಬಲೇಶ್ವರ ಎಂಬವನ ಹಿತ್ತಲಲ್ಲಿ. ಅಲ್ಲೀಗ ಹೊಸ ಮಣ್ಣು ಮೆತ್ತಿತ್ತು.

"ಕಲ್ಲೆಲ್ಲಿ, ಮಾಬ್ಲಣ್ಣ?" ನೀತಾ ಅವನನ್ನು ಕೇಳಿದಳು.

"ನಂಗೆಂತ ಗೊತ್ತು? ಅದ್ನ ಕಾಯೂಕೆ ನಂಗೆ ಯಾರೂ ಸಂಬ್ಳ ಕೊಟ್ಟಿಲ್ಲ."

ಬೇಲಿಯಾಚೆ ಹಲಸಿನ ಮರದ ಬುಡದಲ್ಲಿ, ಕುಂಕುಮ ಮೆತ್ತಿ ದಾಸವಾಳ ಏರಿಸಿದ ಕಲ್ಲೊಂದಿತ್ತು. ದತ್ತಾ ತಟ್ಟನೆ ಬೂಟು ಬಿಚ್ಚಿದ.

"ಜಟಗ, ಮೇಡಂ, ಊರು ಕಾಯೂ ದೇವ್ರು. ನೀವೂ ತೆಗೀರಿ. ಇವ್ನಿಗೆ ಎಫ್ಐಆರ್ ಗಿಫ್ಐಆರ್ ಗೊತ್ತಾಗೂದಿಲ್ಲ."

ನೀತಾ ಬೂಟು ಬಿಚ್ಚಿ ಕಲ್ಲಿನೆದುರು ಕುಳಿತಳು. ಒಂದು ತೆಂಗಿನ ಚಿಪ್ಪಿಲ್ಲ, ಬಾಡಿದ ಹೂವಿಲ್ಲ, ಎಣ್ಣೆಯ ಜಿಡ್ಡಿಲ್ಲ. ನಿನ್ನೆಯಷ್ಟೇ ಹುಟ್ಟಿದ ದೇವರು.

"ಇದು ಯಾವಾಗಿಂದ ಇದೆ, ಅಕ್ಕ?" ಎಂದು ಪಕ್ಕದ ಮನೆಯ ಮಾದೇವಿಯನ್ನು ಕೇಳಿದಳು.

ಮಾದೇವಿ ಮಹಾಬಲೇಶ್ವರನನ್ನೊಮ್ಮೆ ನೋಡಿ ತನ್ನ ಅಂಗಳಕ್ಕೆ ತಿರುಗಿ ನಡೆದಳು. ನೀತಾಳಿಗೆ ಅಷ್ಟು ಸಾಕಾಯಿತು. ಪಂಚರೆದುರು ಕುಂಕುಮ ಒರೆಸಿದಾಗ ಅಡಿಯಲ್ಲಿ ಹಳದಿ ಬಣ್ಣದ ಸರ್ವೆ ಸಂಖ್ಯೆ ಕಂಡಿತು. ಪಂಚನಾಮೆ ಮುಗಿಯುವಾಗ ಮಧ್ಯಾಹ್ನವಾಗಿತ್ತು.

"ಯಾಕೆ ಕಿತ್ರಿ?" ನೀತಾ ಮಹಾಬಲೇಶ್ವರನನ್ನು ಕೇಳಿದಳು.

"ಹೋದ ಮಳೇಲಿ ಮನೆ ಬಿತ್ತು. ಹೆಂಡ್ತಿ ಕೊಟ್ಟಿಗೇಲಿ ಮಲಗ್ತದೆ. ಕಲ್ಲಿದ್ದ ಜಾಗ್ದಲ್ಲಿ ಕಟ್ಟೂಕೆ ಪಂಚಾಯ್ತಿ ಬಿಡೂದಿಲ್ಲ. ಪರಿಹಾರ ಕೇಳೂಕೆ ಕಾರವಾರಕ್ಕೆ ಹೋದ್ರೆ ಸರ್ಕಾರದವ್ರು ಕಂಪನಿ ದುಡ್ಡು ಹಾಕ್ಲಿ ಅಂತ್ರು, ಕಂಪನಿಯವ್ರು ಸರ್ಕಾರ ಮೊದ್ಲು ಹಾಕ್ಲಿ ಅಂತ್ರು. ಜಾಗ ತಕಣೂದೂ ಇಲ್ಲ, ಬಿಡೂದೂ ಇಲ್ಲ. ದೇವ್ರನ್ನಾದ್ರೆ ಯಾರೂ ಮುಟ್ಟೂದಿಲ್ಲ ಅಂದ್ಕಂಡೆ."

ಕಲ್ಲು ತಮ್ಮದೇ ಎಂದು ಕಂಪನಿ ಬರೆದುಕೊಡುವ ಹೊತ್ತಿಗೆ ಮಾರ್ಚ್ ಬಂದಿತ್ತು. ಆ ಪತ್ರ ತಂದ ವಿಕಾಸ ಎದುರಿನ ಕುರ್ಚಿಯಲ್ಲಿ ಕೂರಲಿಲ್ಲ.

"ಇದೇ ಕೊನೆ, ಮೇಡಂ. ಬ್ಯಾಂಕಿನವ್ರು ಸಾಲ ಕೊಡ್ಲಿಲ್ಲ. ನಾವು ಯೋಜನೆಯಿಂದ ಹೊರಗೆ ಬಂದ್ವಿ."

"ಹಾಗಾದ್ರೆ ಅವನ ಜಾಗ ಬಿಡ್ತಾರಾ?"

"ಇಲ್ಲ. ಹೊಸ ಪಾಲುದಾರ ಸಿಗೋವರೆಗೆ ಅಧಿಸೂಚನೆ ಹಾಗೇ ಇರ್ತದೆ."

"ದೂರು?"

"ಹಿಂದೆ ತಕೊಳ್ಳೋ ಅಧಿಕಾರ ನಂಗಿಲ್ಲ."

ನೀತಾಳಿಗೂ ಇರಲಿಲ್ಲ. ಮಾರನೆಯ ದಿನ ಅವಳು ಮತ್ತೆ ಅಗಸೂರಿಗೆ ಹೋದಳು. ಬಂಧಿಸುತ್ತಿದ್ದೇನೆ ಎಂದಾಗ ಮಹಾಬಲೇಶ್ವರ ಜಗಳಕ್ಕೆ ಬರಲಿಲ್ಲ.

"ಕಲ್ಲು ಮತ್ತೆ ಅಲ್ಲೇ ನೆಡ್ತ್ರಾ, ಅಮ್ಮ?"

"ಹೌದು."

"ಹಂಗಾರೆ ಸ್ವಲ್ಪ ನಿಲ್ಲಿ. ಕಲ್ಲಿದ್ದಲ್ಲೇ ಅಡುಗೆಮನೆಗೆ ಪಾಯ ತೋಡಿಟ್ಟಿದ್ದೆ. ಮುಚ್ಚಿ ಬರ್ತೆ. ನಾನಿಲ್ದಾಗ ದನ ಬೀಳ್ತದೆ."

ಅವನು ಪಾಯದ ಮೇಲೆ ಹಾಸಿದ್ದ ತೆಂಗಿನ ಮಡಲು ಸರಿಸಿ ಗುದ್ದಲಿಯಿಂದ ಮಣ್ಣೆಳೆಯತೊಡಗಿದ. ಅವನ ಹೆಂಡತಿ ಗಂಗೆ ಕೊಟ್ಟಿಗೆಯಿಂದ ಬಂದಳು. ಯಾರನ್ನೂ ಏನೂ ಕೇಳದೆ, ಇನ್ನೊಂದು ತುದಿಯಿಂದ ಕಾಲಲ್ಲೇ ಮಣ್ಣು ತಳ್ಳತೊಡಗಿದಳು.