ಚಿನ್ನದಂಥ ಭಾವನಿಗೊಂದು ಬಂದೂಕು

ಜೀಪು ಹಿಂದಿನಿಂದ ಗುದ್ದಿತು!

ಬೈಕು ಹಳೇಬೀಡಿನ ಕೆರೆ ಏರಿಯ ಮೇಲೆ ಉದ್ದಕ್ಕೆ ಜಾರಿತು. ನಾನೊಂದು ಕಡೆ, ಉಷಾರಾಣಿ ಒಂದು ಕಡೆ. ಮೊಣಕೈ ಚರ್ಮ ಕಿತ್ತುಬಂತು. ಎದ್ದು ನಿಲ್ಲುವಷ್ಟರಲ್ಲಿ ಜೀಪಿನ ಬಾಗಿಲು ತೆರೆಯಿತು.

ಮೊದಲು ಇಳಿದದ್ದು ಬಂದೂಕಿನ ಮೂತಿ. ಆಮೇಲೆ ಉದಯಕುಮಾರ್.

ಬಿಕ್ಕೋಡು ಕಡೆಯ ಕಾಫಿ ತೋಟದ ಸಾಹುಕಾರ. ಉಷಾರಾಣಿಯ ಗಂಡ.

“ಪಕ್ಕಕ್ಕೆ ಸರೀರಿ ಶಿವಪ್ರಕಾಶ್. ನಿಮ್ಮ ಹತ್ರ ನಂಗೇನೂ ಜಗಳ ಇಲ್ಲ.”

“ಗನ್ ಹಿಡ್ಕೊಂಡು ಹೇಳೋ ಮಾತಾ ಇದು?”

“ಹೆಂಡ್ತೀನ ಕರ್ಕೊಂಡ್ ಹೋಗಾಕ್ ಬಂದಿದೀನಿ.”

“ಅವಳು ಬರಲ್ಲ.”

“ಹಂಗಾದ್ರೆ ಇಲ್ಲೇ ಬಿಟ್ಟು ಹೋಗ್ತೀನಿ!”

ಅದು ಬದುಕಿರುವವಳನ್ನು ಬಿಟ್ಟುಹೋಗುವ ಮಾತಾಗಿರಲಿಲ್ಲ...

ನಾನು ಉಷಾಳಿಗೆ ಅಡ್ಡ ನಿಂತೆ. ಧೈರ್ಯ ಅಂದುಕೊಳ್ಳಬೇಡಿ. ಓಡುವುದಕ್ಕೆ ಕಾಲು ಬರಲಿಲ್ಲ, ಅಷ್ಟೇ.

“ಎಲ್ಲಿ ಕದ್ದೆ ಈ ಗನ್ನು?”

ಅವನು ನಕ್ಕ. “ಕದಿಯೋದಾ? ಲೈಸೆನ್ಸ್ ಐತೆ ಕಣ್ರೀ! ಪೊಲೀಸ್ ವೆರಿಫಿಕೇಷನ್ ಆಗಿ ಬಂದಿರೋ ಮಾಲು. ನಿಮ್ಮ ದೋಸ್ತ್ ಇಂದುಧರನ್ನೇ ಕೇಳಿ.”

ಎದೆಗೆ ಗುಂಡು ಬೀಳುವ ಮೊದಲೇ ಏನೋ ಬಿತ್ತು.

ಸ್ವಲ್ಪ ಹಿಂದಕ್ಕೆ ಹೋಗೋಣ. ಗನ್ನು ಅಲ್ಲೇ ಇರಲಿ.

ನನ್ನ ಕಸುಬು ಗಂಡಿನ ವಿಚಾರಣೆ. ಅರಸೀಕೆರೆಯಲ್ಲಿ ಆಫೀಸು. ಹೆಣ್ಣು ಕೊಡುವವರು ನನ್ನ ಹತ್ತಿರ ಬರುತ್ತಾರೆ. ಹುಡುಗ ಕುಡಿಯುತ್ತಾನಾ, ಕೈ ಮಾಡುತ್ತಾನಾ... ಊರಲ್ಲಿ ವಿಚಾರಿಸಿ ಹೇಳುತ್ತೇನೆ. ಸುಲಭದ ಕೆಲಸವಲ್ಲ. ನಮ್ಮ ಕಡೆ ಯಾರೂ ಬಾಯಿ ಬಿಟ್ಟು ಕೆಟ್ಟದ್ದು ಹೇಳುವುದಿಲ್ಲ. ಒಂದು ಸಂಬಂಧ ಮುರಿದರೆ ಪಾಪ ಸುತ್ತಿಕೊಳ್ಳುತ್ತದಂತೆ! ಚರಂಡಿಯಲ್ಲಿ ಬಿದ್ದಿರುವವನನ್ನು ತೋರಿಸಿ ಕೇಳಿದರೂ ‘ಗುಣದಲ್ಲಿ ಬಂಗಾರ’ ಅನ್ನುತ್ತಾರೆ.

ಇಂದುಧರ ನನ್ನ ಜೊತೆ ಸ್ಲೇಟು ಹಿಡಿದವನು. ಈಗ ಕೊಬ್ಬರಿ ಮಂಡಿ ಇಟ್ಟಿದ್ದಾನೆ. ಅವನ ತಂಗಿ ಉಷಾ ನನ್ನನ್ನೂ ಅಣ್ಣ ಅನ್ನುತ್ತಾಳೆ. ಒಡೆದ ತುಟಿ ಹೊತ್ತು ತವರಿಗೆ ಬಂದ ದಿನ ಅವಳು ಕೇಳಿದ್ದು ಒಂದೇ.

“ಪ್ರಕಾಶಣ್ಣ, ಗನ್ ಲೈಸೆನ್ಸಿಗೆ ಅರ್ಜಿ ಹಾಕವ್ರೆ. ಹಂದಿ ಹೊಡೆಯಾಕೆ ಅಂತ. ಮೊದಲ್ನೇ ತೋಟಾ ನಿಂಗೇ ಅಂತ ನನ್ ಮುಂದೆ ಹೇಳವ್ರೆ. ಅದೊಂದು ಕೈಗೆ ಬರ್ದಂಗೆ ತಡೀರಿ...”

ತಡೆಯಬಹುದಿತ್ತು. ಲೈಸೆನ್ಸು ಕೊಡುವ ಮೊದಲು ಪೊಲೀಸರು ವಿಚಾರಿಸುತ್ತಾರೆ. ಮನುಷ್ಯ ಎಂಥವನು, ಮನೆಯಲ್ಲಿ ಜಗಳ ಇದೆಯಾ ಅಂತ. ಆದರೆ ಬಿಕ್ಕೋಡಿನಲ್ಲಿ ಹೇಳುವವರು ಯಾರು? ಅವನ ತೋಟದ ಕೂಲಿ ಲೈನಿನ ಮನೆಗಳಲ್ಲಿ ಇರುವವರಾ? ಉಳಿದದ್ದು ಹೆಣ್ಣು ಕೊಟ್ಟ ಮನೆ. ಠಾಣೆಯಿಂದ ಇಂದುಧರನಿಗೆ ಕರೆ ಬಂತು.

ಉಷಾ ತಾನೂ ಬರುತ್ತೇನೆ ಅಂತ ಹೊರಟಳು.

“ನೀನ್ಯಾಕೆ ಸ್ಟೇಷನ್ನಿಗೆ? ಗಂಡಸ್ರು ನಾವಿಲ್ವಾ?” ಅಂದ ಇಂದುಧರ.

ನಾನು ಎದುರಿನ ಹೋಟೆಲಿನಲ್ಲಿ ಕಾದೆ. ಅವನು ಹೊರಗೆ ಬಂದ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

“ಹೇಳಿದ್ಯೇನೋ?”

“ಎಲ್ಲಾ ಹೇಳ್ದೆ ಕಣೋ. ಹೊಡೆದಿದ್ದು, ಬಡಿದಿದ್ದು... ಎಲ್ಲಾ. ಲೈಸೆನ್ಸ್ ಸಿಕ್ಕಲ್ಲ ಅಂದ್ರು ಸಾಹೇಬ್ರು.”

ನಂಬಿದೆ! ಕಂಡವರ ಮನೆಯ ಗಂಡುಗಳನ್ನೆಲ್ಲ ಜರಡಿ ಹಿಡಿಯುವ ನಾನು ಇವನನ್ನು ಬರೀ ಬಾಯಿಮಾತಿನ ಮೇಲೆ ನಂಬಿದೆ. ಸ್ನೇಹಿತನನ್ನು ಯಾರಾದರೂ ವಿಚಾರಿಸುತ್ತಾರಾ?

ಆದರೂ ಇರಲಿ ಅಂತ ಉಷಾಳನ್ನು ಹಳೇಬೀಡಿನಲ್ಲಿ ನನ್ನ ಚಿಕ್ಕಮ್ಮನ ಮನೆಯಲ್ಲಿಟ್ಟೆ. ಅದು ಗೊತ್ತಿದ್ದದ್ದು ಇಂದುಧರನಿಗೆ ಮಾತ್ರ. ಇವತ್ತು ಬೆಳಿಗ್ಗೆ ಅವನದೇ ಫೋನು.

“ಅಮ್ಮ ಉಷಾನ ನೋಡ್ಬೇಕಂತೆ. ಕೆರೆ ಏರಿ ಹತ್ರ ಕರ್ಕೊಂಡ್ ಬಾ. ಮನೆಗೆ ಬಂದ್ರೆ ನಾಲ್ಕು ಜನ ನೋಡ್ತಾರೆ.”

ಕರೆದುಕೊಂಡು ಬಂದೆ. ಬಂದದ್ದು ಅಮ್ಮ ಅಲ್ಲ.

ಈಗ ಗನ್ನಿಗೆ ಬರೋಣ.

“ಸ್ಟೇಷನ್ನಲ್ಲಿ ನಿಮ್ಮ ದೋಸ್ತ್ ಏನಂದ ಗೊತ್ತಾ?” ಉದಯಕುಮಾರ್ ಬಂದೂಕಿನ ಕುದುರೆಯ ಮೇಲೆ ಬೆರಳಿಟ್ಟ. “‘ನಮ್ ಭಾವ ಚಿನ್ನದಂಥೋರು ಸಾರ್. ತಂಗಿ ಸುಮ್ನೆ ನಾಲ್ಕು ದಿನ ಇದ್ದು ಹೋಗಾಕೆ ಬಂದವ್ಳೆ.’ ಹಂಗಂದ!”

ಹಿಂದೆ ಉಷಾ ಉಸಿರು ಎಳೆದುಕೊಂಡದ್ದು ಕೇಳಿಸಿತು. ಅಳಲಿಲ್ಲ.

ಅಷ್ಟರಲ್ಲಿ ಒಂದು ಬಸ್ಸು ಬಂತು. ದಾರಿಗೆ ಅಡ್ಡ ಜೀಪು ನಿಂತಿದೆಯಲ್ಲ! ಡ್ರೈವರ್ ಹಾರ್ನ್ ಒತ್ತಿಯೇ ಒತ್ತಿದ. ಉದಯಕುಮಾರನ ಕಣ್ಣು ಒಂದು ಗಳಿಗೆ ಆ ಕಡೆ ಹೋಯಿತು.

ನಾನು ಹಾರಿದೆ. ನಳಿಗೆ ಹಿಡಿದು ಪಕ್ಕಕ್ಕೆ ತಳ್ಳಿದೆ.

ಢಮಾರ್!

ಎಡ ಭುಜಕ್ಕೆ ಬೆಂಕಿ ಬಿತ್ತು. ಆದರೂ ನಳಿಗೆ ಬಿಡಲಿಲ್ಲ. ಇಬ್ಬರೂ ಏರಿಯ ಇಳಿಜಾರಿನಲ್ಲಿ ಉರುಳಿದೆವು. ಅವನು ಮೇಲೆ, ನಾನು ಕೆಳಗೆ. ಬಂದೂಕು ಮತ್ತೆ ನನ್ನ ಗಂಟಲಿಗೆ ತಿರುಗುತ್ತಿತ್ತು... ಉಷಾ ಎರಡು ಕೈಯಲ್ಲೂ ಕಲ್ಲೆತ್ತಿ ಅವನ ಮಣಿಕಟ್ಟಿನ ಮೇಲೆ ಹಾಕಿದಳು. ಮೂಳೆ ಲಟಕ್ಕೆಂದಿತು. ಬಸ್ಸಿನಿಂದ ಓಡಿಬಂದವರು ಅವನನ್ನು ಅದುಮಿ ಹಿಡಿದರು.

ಎರಡನೇ ತೋಟಾ ನಳಿಗೆಯಲ್ಲೇ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಭುಜದಿಂದ ಸೀಸದ ಚರೆ ಕೀಳುತ್ತಿದ್ದಾಗ ಬಾಗಿಲಲ್ಲಿ ಇಂದುಧರ ಬಂದು ನಿಂತ. ಕೈಯಲ್ಲಿ ಎಳನೀರು! ರೋಗಿ ನೋಡಲು ಬಂದಿದ್ದಾನೆ!

“ಯಾಕೋ?” ಅಂದೆ.

“ಮಗಳು ಮಧುಶ್ರೀಗೆ ಗಂಡು ನೋಡ್ತಾ ಇದೀವಿ ಕಣೋ. ಅವಳ ಸೋದರತ್ತೆ ಗಂಡನ್ನ ಬಿಟ್ಟು ಬಂದವ್ಳೆ ಅಂತ ನಾನೇ ಸ್ಟೇಷನ್ನಲ್ಲಿ ಹೇಳಿದ್ರೆ ಯಾರು ಬತ್ತಾರೆ ನಮ್ಮನೆ ಬಾಗ್ಲಿಗೆ? ಮನೆ ಮಾತು ಮನೇಲೇ ಇರ್ಲಿ ಅಂತ...”

“ಏರಿ ಹತ್ರ ಕರೆಸಿದ್ದು?”

“ಕೂತು ಮಾತಾಡಿ ರಾಜಿ ಆಗ್ತೀನಿ ಅಂದ್ರು ಭಾವ. ಗನ್ ತತ್ತಾರೆ ಅಂತ ನಂಗೇನ್ ಗೊತ್ತು?”

“ಅದನ್ನ ಕೊಡಿಸಿದ್ದೇ ನೀನು ಕಣೋ!”

ಗುಂಡು ಹೊಡೆದವನ ಮೇಲೆ ನನಗೆ ಇಷ್ಟು ಸಿಟ್ಟಿರಲಿಲ್ಲ. ಅವನು ಹಗೆ, ಹಗೆಯ ಹಾಗೇ ನಡೆದುಕೊಂಡ. ಇವನು ನನ್ನ ತಟ್ಟೆಯಲ್ಲಿ ಉಂಡವನು.

ಉಷಾ ಒಳಗೆ ಬಂದಳು. ಸೀರೆಯಲ್ಲಿ ಇನ್ನೂ ಏರಿಯ ಮಣ್ಣು. ಅಣ್ಣನ ಮುಖವನ್ನೇ ನೋಡಿದಳು.

“ಪೊಲೀಸ್ರಿಗೆ ಹೇಳಿಕೆ ಕೊಟ್ಟು ಬಂದೆ. ಅವರು ಮಾಡಿದ್ದೂ ಹೇಳ್ದೆ, ನೀನು ಮಾಡಿದ್ದೂ ಹೇಳ್ದೆ.”

ಇಂದುಧರ ಎಳನೀರನ್ನು ಕಿಟಕಿಯಲ್ಲಿಟ್ಟು ಗೋಡೆ ಹಿಡಿದುಕೊಂಡು ಹೊರಗೆ ಹೋದ.

ಡಾಕ್ಟರು ಇಕ್ಕಳ ಕೆಳಗಿಟ್ಟರು. “ಆಯ್ತು ಕಣ್ರೀ. ಚರೆ ಎಲ್ಲಾ ಮುಂದಿನಿಂದ್ಲೇ ಬಿದ್ದಿದ್ದು. ಪೂರ್ತಿ ತೆಗ್ದಿದೀನಿ.”

“ಬೆನ್ನಿನ ಕಡೆ ಇನ್ನೊಂದ್ ಸಲ ನೋಡಿ ಡಾಕ್ಟ್ರೇ,” ಅಂದೆ. “ಒಂದು ಒಳಗೇ ಉಳ್ಕೊಂಡಿದೆ.”