ಒಂಬತ್ತನೇ ಓಟದ ಅಂಕ

ಈಗಿನ ಸ್ಪೀಡ್‌ವೇ ಬೈಕ್ ರೇಸು ಸಪ್ಪೆ, ಆಗಿನ ಸವಾರರೇ ಸವಾರರು ಅಂತ ಗೊಣಗುತ್ತಲೇ ನಾನೂ ನನ್ನ ಹೆಂಡತಿ ಹಲೀನಾಳೂ ಪ್ರತಿ ಭಾನುವಾರ ಹೋಗುತ್ತೇವೆ. ನಮ್ಮ ಪೋಲೆಂಡಿನಲ್ಲಿ ಪ್ರೇಕ್ಷಕರೇ ಕಾರ್ಯಕ್ರಮದ ಪುಸ್ತಕದಲ್ಲಿ ಪ್ರತಿ ಓಟದ ಅಂಕ ಬರೆದುಕೊಳ್ಳಬೇಕು; ಗೆದ್ದವನಿಗೆ ಮೂರು. ಸವಾರ ಬದಲಾದರೆ ಅಚ್ಚಾದ ಹೆಸರು ಹೊಡೆದು ಹೊಸಬನದನ್ನು ಬರೆಯಬೇಕು.

ಮೊನ್ನೆ ಒಂಬತ್ತನೇ ಓಟದಲ್ಲಿ ಹಳದಿ ಹೆಲ್ಮೆಟ್ಟಿನವನು ಬೇಲಿ ಸವರಿಕೊಂಡೇ ಬಂದು ಗೆದ್ದ. ಈಗ ಯಾರೂ ಇಂಜಿನ್ನಿಗೆ ಹಾಕದ ಹರಳೆಣ್ಣೆ ಸುಟ್ಟ ವಾಸನೆ ಬಂತು. ಬಿರುಬಿಸಿಲಿನಲ್ಲೂ ಮುಖಕ್ಕೆ ಸಿಡಿದ ಮಣ್ಣು ಕೊರೆಯುವಷ್ಟು ತಣ್ಣಗಿತ್ತು. ನಾನು ಬರೆದುಕೊಂಡೆ.

ಹಲೀನಾ ಇಣುಕಿ ಬಿಳಿಚಿಕೊಂಡಳು. "ಗೆರಾರ್ಡ್ ಅಂತ ಬರೆದಿದ್ದೀರಲ್ರೀ. ಅವನು ಇದೇ ತಿರುವಿನಲ್ಲಿ ಸತ್ತು ನಲವತ್ತು ವರ್ಷ ಆಯ್ತು."

"ನಿನ್ನದು ತೋರಿಸು."

ತೋರಿಸಿದಳು. ಅಚ್ಚಾದ ಹೆಸರು ಹೊಡೆದು, ಅವಳದೇ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ಗೆರಾರ್ಡ್, ಮೂರು.

ಅಷ್ಟರಲ್ಲಿ ಮುಂದಿನ ಸಾಲಿನವನು ಪೆನ್ನು ಹಿಡಿದೇ ಹಿಂತಿರುಗಿ ಕೇಳಿದ: "ಗೆರಾರ್ಡಿಗೆ ಮೂರು ತಾನೆ?"