ಹಾರ್ಲಿಕ್ಸ್ ಬಾಟಲಿಯ ಹನ್ನೆರಡು ದಿನ

ದ್ರಾಕ್ಷಾಯಣಮ್ಮ ತೋಟದಿಂದ ಏದುಸಿರು ಬಿಡುತ್ತಾ ಬಂದಾಗ ಅವರ ಮಗಳು ಗಿರಿಜಾಂಬಿಕಾ ಹಿತ್ತಲ ಕಟ್ಟೆಯ ಮೇಲೆ ಕೂತು ಡೈರಿ ಬರೆಯುತ್ತಿದ್ದಳು. ಅವ್ವನ ಮುಖ ನೋಡಿ, ಹಾವೇ ಕಂಡಿರಬೇಕು ಅಂದುಕೊಂಡಳು.

“ಯಾರೋ ಮಾಟ ಮಾಡ್ಸವ್ರೆ ಕಣೇ! ಮೂಡ್ಲು ಸಾಲಿನ ಮರಕ್ಕೆ ಗಾಜಿನ ಕೊಳವೆ ಕಟ್ಟವ್ರೆ. ಒಳಗೆ ಕರ್ರಗೆ ಏನೋ ಹರಿದಾಡ್ತೈತೆ. ಬಾಯಿಗೆ ಹತ್ತಿ ಬೇರೆ ತುರ್ಕವ್ರೆ.”

ಅಲ್ಲೇ ಗರಿ ಸೀಳಿ ಪೊರಕೆ ಕಟ್ಟುತ್ತಿದ್ದ ಮನೆಗೆಲಸದ ರಂಗಕ್ಕ ಕತ್ತಿ ಕೆಳಗಿಟ್ಟಳು. “ಹತ್ತಿ ತುರ್ಕೋದು ಸತ್ತೋರ ಮೂಗಿಗಲ್ವಾ ಅಮ್ಮಾರೆ? ಇದು ಭಾರಿ ಮಾಟನೇ. ತಗ್ಸಿ ಪಾಳುಬಾವಿಗೆ ಎಸೆಸ್ಬುಡಿ.”

“ಯಾರ ಕೈಲಿ ಎಸೆಸ್ಲಿ?”

“ಓದಿರೋರಿಗೆ ಮಾಟ ತಟ್ಟಾಕಿಲ್ಲ. ಗಿರಿಜಮ್ಮನ್ನೇ ಕಳ್ಸಿ.”

ಗಿರಿಜೆ ಬಿ.ಎಸ್ಸಿ. ಮುಗಿಸಿ ಎರಡು ವರ್ಷವಾಗಿತ್ತು. ಆ ಓದಿನಿಂದ ಹೊನ್ನವಳ್ಳಿಯಲ್ಲಿ ಯಾರಿಗಾದರೂ ಉಪಯೋಗ ಕಂಡದ್ದು ಅದೇ ಮೊದಲು.

ಎಪ್ಪತ್ತೊಂಬತ್ತರ ಬೇಸಿಗೆ ಅದು. ಊರಿನ ತೆಂಗಿನ ಗರಿಗಳು ಬೆಂಕಿ ತಾಕಿದ ಹಾಗೆ ಒಣಗುತ್ತಿದ್ದವು. ಗರಿಯ ಅಡಿಯಲ್ಲಿ ಬಲೆ ನೇಯ್ದುಕೊಂಡು, ಕಪ್ಪು ತಲೆಯ ಹುಳುಗಳು ಹಸಿರನ್ನೆಲ್ಲ ಕೆರೆದು ತಿನ್ನುತ್ತಿದ್ದವು. ತೋಟಕ್ಕೆ ತೋಟವೇ ಕಂದಿಹೋಗಿ, ಮಧ್ಯಾಹ್ನದ ಬಿಸಿಲು ತಡೆಯಿಲ್ಲದೆ ನೆಲಕ್ಕೆ ಬೀಳುತ್ತಿತ್ತು.

ಗಿರಿಜೆ ತೋಟಕ್ಕೆ ಹೋಗಿ ಕೊಳವೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಇರುವೆಯಷ್ಟೇ ಇರುವ ಹತ್ತು ಕಪ್ಪು ಕಣಜಗಳು. ಒಂದು ಕಣಜ ಮುಂಗಾಲಿನಿಂದ ತನ್ನ ಮೀಸೆ ತೀಡಿಕೊಳ್ಳುತ್ತಿತ್ತು. ಹತ್ತಿಯ ತುದಿಯಲ್ಲಿ ಜೇನುತುಪ್ಪದ ಒಂದು ಹನಿ.

ಮಾಟ ಮಾಡುವವರು ಊಟ ಬೇರೆ ಇಡುತ್ತಾರೆಯೇ?

ಅವಳು ಪಾಳುಬಾವಿಗೆ ಒಂದು ಕಲ್ಲು ಎಸೆದು ಸದ್ದು ಮಾಡಿದಳು. ಕೊಳವೆ ಸೆರಗಿನೊಳಗೆ ಉಳಿಯಿತು.

ಸಂಜೆ ಒಬ್ಬ ತರುಣ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬಂದ. ಮೂಡಲ ಸಾಲಿನ ಮರಗಳನ್ನು ಒಂದೊಂದಾಗಿ ಸುತ್ತಿದ. ಕೊನೆಗೆ ಹಸುವಿಗೆ ಹುಲ್ಲು ಹಾಕುತ್ತಿದ್ದ ಗಿರಿಜೆಯ ಮುಂದೆ ಬಂದು ನಿಂತ.

“ಏನ್ರೀ, ಈ ಮರದಲ್ಲಿ ಒಂದು ಗಾಜಿನ ಟ್ಯೂಬ್ ಇತ್ತು. ನೋಡಿದ್ರಾ?”

ಅವಳು ತಲೆಯಾಡಿಸಿದಳು, ಇಲ್ಲ ಅಂತ. ಸುಳ್ಳು ಹೇಳುವಾಗಲೂ ಅವಳಿಗೆ ಬಾಯಿ ಬೇಕಿರಲಿಲ್ಲ.

ಅಷ್ಟರಲ್ಲಿ ಗಿರಿಜೆಯ ತಂದೆ ಶಂಭುಲಿಂಗಯ್ಯನವರು ಬಂದು ಹಣೆ ಬಡಿದುಕೊಂಡರು. “ಅಯ್ಯೋ, ಮನೇಲಿ ಹೇಳೋದೇ ಮರ್ತೆ ಕಣಯ್ಯ! ಇವ್ರು ತಿಪಟೂರಿಂದ ಬಂದೋರು ಕಣೇ ದ್ರಾಕ್ಷಾಯಣಿ. ತೋಂಟದಾರ್ಯ ಅಂತ. ಇಲಾಖೆಯೋರು ಹುಳ ಸಾಕ್ತಾರಲ್ಲ, ಆ ಸೆಂಟರಿನೋರು. ಕೊಳವೆ ಕಟ್ಕೊಳ್ಳಿ ಅಂತ ನಾನೇ ಅಂದಿದ್ದೆ.”

“ಇದು ಹುಳನ ಕೊಲ್ಲೋ ಹುಳ ಅಮ್ಮ,” ಅಂದ ತೋಂಟದಾರ್ಯ. “ಬೆಳಿಗ್ಗೆ ಮರಕ್ಕೆ ಕಟ್ಟಿ ಹೋಗ್ತೀನಿ, ಬಿಸಿಲು ಇಳಿದ ಮೇಲೆ ಹತ್ತಿ ತೆಗೀತೀನಿ. ಹಾರಿ ಗರಿ ಸೇರ್ಕೊಳ್ತವೆ.”

ರಂಗಕ್ಕ ಬಾಯಿಗೆ ಸೆರಗು ಹಿಡಿದಳು. “ಹುಳ ಸಾಕಾಕೆ ಸರ್ಕಾರದ ಸಂಬಳನಾ? ನಮ್ಮನೆ ರಾಗಿಹಿಟ್ಟಲ್ಲಿ ಬೇಕಾದಷ್ಟವೆ. ನಂಗೂ ಒಂದು ಕೆಲ್ಸ ಕೊಡ್ಸಪ್ಪ.”

ಎಲ್ಲರೂ ನಕ್ಕರು. ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಗಿರಿಜೆ ಹುಲ್ಲಿನ ಕಡೆ ತಿರುಗಿ ನಕ್ಕಳು. ಆದರೂ ಅವನು ನೋಡಿಬಿಟ್ಟ.

ಉಳಿದ ಮರಗಳ ಕೊಳವೆಗಳನ್ನು ಅವನು ಅಂದೇ ಸಂಜೆ ಬಿಚ್ಚಿದ. ಅವಳ ಕೊಳವೆಯ ಕಣಜಗಳು ಅಷ್ಟು ಹೊತ್ತಿಗಾಗಲೇ ಅವಳ ಕೋಣೆಯ ಕಿಟಕಿಯಲ್ಲಿ, ಖಾಲಿ ಹಾರ್ಲಿಕ್ಸ್ ಬಾಟಲಿಯೊಳಗೆ ಒಂದು ತುಂಡು ಗರಿ, ನಾಲ್ಕು ಹುಳುಗಳ ಜೊತೆ ಸಂಸಾರ ಹೂಡಿದ್ದವು. ಬಾಯಿಗೆ ತೆಳು ಮಲ್ಲಿನ ಬಟ್ಟೆ ಕಟ್ಟಿದ್ದಳು.

ಮೂರನೆಯ ದಿನ ಮತ್ತೆ ಬಂದವನು ಕಿಟಕಿಯ ಹೊರಗೆ ನಿಂತುಬಿಟ್ಟ. “ಅಲ್ರೀ! ನನ್ನ ಹತ್ತು ಜನ ಇಲ್ಲಿದಾರೆ!”

“ಒಂಬತ್ತು,” ಅಂದಳು ಗಿರಿಜೆ. “ಒಂದು ನಿನ್ನೆ ಸತ್ತೋಯ್ತು.”

ಅವಳ ಬಾಯಿಂದ ಅವನು ಕೇಳಿದ ಮೊದಲ ಮಾತು ಅದು. ಕಳ್ಳಮಾಲು ಸಿಕ್ಕಿಬಿದ್ದಾಗಲೂ ಲೆಕ್ಕ ತಪ್ಪು ಅಂತ ತಿದ್ದುವ ಹುಡುಗಿಯನ್ನು ಅವನು ಹಿಂದೆಂದೂ ನೋಡಿರಲಿಲ್ಲ.

ಅವಳ ಕೈಯಲ್ಲಿ ಡೈರಿ ತೆರೆದಿತ್ತು. “ನೋಡ್ಬೋದಾ?” ಅಂದ.

ಅವಳು ಬರಹವಿದ್ದ ಅರ್ಧ ಪುಟವನ್ನು ಅಂಗೈಯಿಂದ ಮುಚ್ಚಿ, ಚಿತ್ರವಿದ್ದ ಅರ್ಧವನ್ನು ಕಿಟಕಿಯ ಸರಳಿಗೆ ಹಿಡಿದಳು. ಕಣಜ ಹುಳುವಿನ ಬೆನ್ನೇರಿ ಚುಚ್ಚುತ್ತಿರುವುದು. ಮರುದಿನ, ಅಲ್ಲಾಡದೆ ಮಲಗಿದ ಹುಳುವಿನ ಮೇಲೆ ಸಾಲಾಗಿ ಮೊಟ್ಟೆ. ಪಕ್ಕದಲ್ಲೇ ಕಾವಲು ಕೂತ ತಾಯಿ, ಅದರ ಮೀಸೆಯ ಗಂಟುಗಂಟೂ ಕಾಣುವಂತೆ.

ಮಾತಿನಲ್ಲಿ ಸೋಲದ ಮನುಷ್ಯ ಸರಳಿಗೆ ಹಣೆ ತಾಗುವಷ್ಟು ಬಗ್ಗಿ ನೋಡಿದ.

“ಇದನ್ನ ಯಾರಿಗೂ ತೋರ್ಸಿಲ್ವಾ?”

“ಯಾರೂ ಕೇಳ್ಲಿಲ್ಲ.”

“ನಾನು ಕೇಳ್ತಿದೀನಿ. ದಿನಾ ಕೇಳ್ತೀನಿ.”

ದಿನಾ ಕೇಳಿದ. ತಿಪಟೂರಿನಿಂದ ಸೈಕಲ್ ತುಳಿದು ಬಂದು, ಮರಗಳ ಲೆಕ್ಕ ಮುಗಿಸಿ, ಕಿಟಕಿಯ ಹೊರಗಿನ ಒರಳುಕಲ್ಲಿನ ಮೇಲೆ ಕೂರುತ್ತಿದ್ದ. ದ್ರಾಕ್ಷಾಯಣಮ್ಮ ಅಲ್ಲೇ ಅಕ್ಕಿ ಆರಿಸುತ್ತಾ ಕಾವಲಿರುತ್ತಿದ್ದರು. ಅಷ್ಟು ದಿನದಲ್ಲಿ ಆರಿಸಿದ ಅಕ್ಕಿ ಒಂದು ಮದುವೆಗೆ ಸಾಕಾಗುತ್ತಿತ್ತು.

“ಆ ಅರ್ಧ ಪುಟದಲ್ಲಿ ಏನು ಬರ್ದಿದೀರಿ?” ಅಂತ ಒಂದು ದಿನ ಕೇಳಿದ.

“ಹುಳದ ವಿಷಯ.”

“ಯಾವ ಹುಳ?”

“ಸೈಕಲ್ ತುಳಿಯೋ ಹುಳ,” ಅಂದಳು. ಅಂದ ಕೂಡಲೇ ಕಿವಿಯವರೆಗೆ ಕೆಂಪಾಗಿ, ಕಿಟಕಿಯ ಕದ ಅರ್ಧ ಮುಚ್ಚಿದಳು. ಅರ್ಧ ಮಾತ್ರ.

ಭಾನುವಾರ ಬಂದಾಗ ಅವನ ಮುಖದಲ್ಲಿ ನಗು ಇರಲಿಲ್ಲ.

ಪಕ್ಕದ ತೋಟದ ಸಣ್ಣತಿಮ್ಮಯ್ಯ ವಿಷದ ಡಬ್ಬಿಗಳನ್ನು ತಂದಿಳಿಸಿದ್ದ. ಮರ ಹತ್ತುವವರನ್ನೂ ಗೊತ್ತುಮಾಡಿದ್ದ. ಸೋಮವಾರ ಬಸವನ ವಾರ, ಎತ್ತುಗಳಿಗೆ ನೊಗ ಹೂಡುವುದಿಲ್ಲವಲ್ಲ, ಅವತ್ತು ಗಂಡಸರೆಲ್ಲ ಶಂಭುಲಿಂಗಯ್ಯನವರ ಜಗುಲಿಯಲ್ಲಿ ಕೂತು ಮಾತು ಮುಗಿಸುವುದು, ಮಂಗಳವಾರ ಇಡೀ ಸಾಲಿಗೆ ಮದ್ದು ಹೊಡೆಯುವುದು ಅಂತ ತೀರ್ಮಾನವಾಗಿತ್ತು.

“ಗರಿ ಒಳಗೆ ಕಣಜದ ಮರಿಗಳು ಗೂಡಲ್ಲಿವೆ,” ಅಂದ ತೋಂಟದಾರ್ಯ. “ಇನ್ನೆರಡು ದಿನಕ್ಕೆ ಎದ್ದು ಹಾರ್ತವೆ. ಈಗ ಮದ್ದು ಬಿದ್ರೆ ಎಲ್ಲಾ ಮುಗೀತು. ಮತ್ತೆ ಹುಳನೇ ಮೊದ್ಲು ಏಳೋದು. ಹೊನ್ನವಳ್ಳೀನ ಸೆಂಟರಿನ ಲಿಸ್ಟಿಂದ ತೆಗೆದು ನನ್ನ ಬೇರೆ ಜಿಲ್ಲೆಗೆ ಹಾಕ್ತಾರೆ.”

“ನೀವು ಹೇಳಿ ಅವ್ರಿಗೆ.”

“ಹೇಳ್ದೆ. ಸಂಬಳ ತಗೊಳ್ಳೋನು ಹೇಳೋದೇ ಹಂಗೆ ಅಂದ್ರು. ನೀವು ಈ ತೋಟದೋರು. ಕಣ್ಣಾರೆ ನೋಡಿರೋರು. ನೀವು ಹೇಳಿ.”

“ನಂಗೆ ಬಾಯಿ ಬರಲ್ಲ. ಕಾಲೇಜಲ್ಲಿ ಪರೀಕ್ಷೆಗೆ ಬಂದೋರು ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿತ್ತು. ಒಂದೂ ಹೇಳ್ಲಿಲ್ಲ. ರೆಕಾರ್ಡ್ ಬುಕ್ ನೋಡಿ ಪಾಸ್ ಮಾಡಿದ್ರು.”

“ಆ ರೆಕಾರ್ಡ್ ಬುಕ್ ಎಲ್ಲಿದೆ ಈಗ?”

“ಟ್ರಂಕಲ್ಲಿ. ಸೀರೆ ಅಡಿ.”

“ಇಂಥ ಕಣ್ಣು, ಇಂಥ ಕೈ,” ಅಂದ ಅವನು, ಎದ್ದು ನಿಲ್ಲುತ್ತಾ. “ಸೀರೆ ಅಡಿ ಇಡೋಕೆ ಸಿಕ್ಕಿದ್ದೇನ್ರೀ?”

ಹೋಗಿಬಿಟ್ಟ. ಆ ಮಾತು ಅವಳನ್ನು ಚುಚ್ಚಿತು. ಅವನು ಹಾಗೆ ಅನ್ನಬಾರದಿತ್ತು ಅಂತ ಡೈರಿಯಲ್ಲಿ ಬರೆದಳು. ಸುಮಾರು ಹೊತ್ತಿನ ಮೇಲೆ ಅದರ ಕೆಳಗೆ ಬರೆದಳು: ಅಂದದ್ದು ಸುಳ್ಳಲ್ಲ. ಒಳ್ಳೆಯ ಅವಕಾಶ ಬಂದರೆ ಏನಾದರೂ ಮಾಡೋಣ ಅಂತ ಎರಡು ವರ್ಷ ಕಾದೆ. ಬಂದದ್ದು ಮರಕ್ಕೆ ಕಟ್ಟಿದ ಕೊಳವೆಯಾಗಿ. ಅದನ್ನು ಬಾವಿಗೆ ಎಸೆಯದೆ ಇದ್ದದ್ದಷ್ಟೇ ನಾನು ಮಾಡಿದ್ದು. ಉಳಿದದ್ದು ಇನ್ನೂ ಬಾಕಿ.

ಸೋಮವಾರ ಬೆಳಕು ಹರಿಯುವ ಮುಂಚೆ ಎದ್ದಳು. ಜಗುಲಿಯ ಎದುರಿಗೆ ಗಾಡಿ ನಿಲ್ಲಿಸುವ ಕೊಟ್ಟಿಗೆ. ಅದರ ಉದ್ದ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಇದ್ದಿಲು, ಕೆಮ್ಮಣ್ಣು, ಒಂದು ಚಿಪ್ಪಿನಲ್ಲಿ ನೀರು. ಬಿಸಿಲು ಹೆಂಚಿಗೆ ಮುಟ್ಟುವ ಹೊತ್ತಿಗೆ ಗೋಡೆಯ ಮೇಲೆ ಹನ್ನೆರಡು ಚೌಕಗಳು ತುಂಬಿದ್ದವು. ಒಂದೊಂದು ದಿನಕ್ಕೆ ಒಂದೊಂದು. ಇರುವೆಗಾತ್ರದ ಕಣಜ ಕೋಳಿಗಾತ್ರಕ್ಕೆ ಬೆಳೆದು ನಿಂತಿತ್ತು.

ದ್ರಾಕ್ಷಾಯಣಮ್ಮ ಹೊರಬಂದು ಗಲ್ಲಕ್ಕೆ ಕೈಯಿಟ್ಟರು. “ಸುಣ್ಣ ಹೊಡೆದು ಎಂಟು ದಿನ ಆಗಿಲ್ಲ ಕಣೇ!” ಬೈಯುತ್ತಲೇ ಒಂದೊಂದೇ ಚೌಕ ನೋಡುತ್ತಾ ಕೊನೆಯವರೆಗೆ ನಡೆದರು. ಅಳಿಸು ಅನ್ನಲಿಲ್ಲ.

ಗಂಡಸರು ಬಂದು ಕೂತರು. ತೋಂಟದಾರ್ಯ ಸೈಕಲ್ ಹಿಡಿದು ಹುಣಸೆಮರದ ಕೆಳಗೆ ನಿಂತ. ಗಿರಿಜೆ ಬಾಗಿಲ ಹಿಂದೆ.

ಸಣ್ಣತಿಮ್ಮಯ್ಯ ಗೋಡೆ ನೋಡಿ ಗಹಗಹಿಸಿದ. “ಏನ್ ಶಂಭುಲಿಂಗಯ್ಯೋರೆ, ಗೋಡೆ ತುಂಬ ಹಲ್ಲಿ ಬುಟ್ಟಿದೀರಿ?”

“ಹಲ್ಲಿ ಅಲ್ಲ ಅಣ್ಣ.” ಬಾಗಿಲ ಹಿಂದಿನ ದನಿ. ಯಾರಾದರೂ ತಪ್ಪು ಹೇಳಿದರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. “ಅದು ನಿಮ್ಮ ಮರ ತಿಂತಿರೋ ಹುಳ.”

ಎಲ್ಲರೂ ತಿರುಗಿದರು. ಇನ್ನು ಒಳಗೆ ಹೋಗುವುದಕ್ಕೂ ನಾಚಿಕೆ. ಅವಳು ಹಾರ್ಲಿಕ್ಸ್ ಬಾಟಲಿ ಎತ್ತಿಕೊಂಡು ಗೋಡೆಯ ಬಳಿ ಬಂದು, ಬೆರಳನ್ನು ಮೊದಲ ಚೌಕದ ಮೇಲಿಟ್ಟಳು. ಮುಖ ಗೋಡೆಯ ಕಡೆ ಇದ್ದದ್ದು ಅನುಕೂಲವಾಯಿತು. ಮೂರನೆಯ ಚೌಕಕ್ಕೆ ಬರುವಾಗ ಯಾರೋ ಪ್ರಶ್ನೆ ಕೇಳಿದರು, ತಿರುಗಿ ಉತ್ತರ ಹೇಳಿದಳು. ಆರನೆಯದಕ್ಕೆ ಇನ್ನೊಬ್ಬರು. ಒಂಬತ್ತನೆಯದನ್ನು ವಿವರಿಸುವಾಗ ತಾನು ಜನರ ಕಡೆ ಮುಖ ಮಾಡಿ ನಿಂತಿದ್ದೇನೆ ಅನ್ನುವುದು ಅವಳಿಗೇ ಮರೆತಿತ್ತು.

“ಇವತ್ತು ಹನ್ನೆರಡನೇ ದಿನ. ಬೆಳಿಗ್ಗೆ ಇದರಲ್ಲಿ ಎಂಟು ಹೊಸವು ಎದ್ದಿವೆ. ಇಲ್ಲಿ ಎದ್ದಿದಾವೆ ಅಂದ್ರೆ ಮರದ ಮೇಲೂ ಏಳೋ ಹೊತ್ತು. ನಾಳೆ ನೀವು ಮದ್ದು ಹೊಡೆದ್ರೆ ಕಾಯೋಕೆ ಬಂದೋರನ್ನೇ ಕೊಂದ ಹಾಗೆ.”

“ಬಾಟ್ಲಿ ಒಳಗೆ ಕೂಡ್ಹಾಕಿದ್ರೆ ಯಾವ್ದಾದ್ರೂ ಸಾಯ್ತದೆ ಕಣವ್ವ,” ಅಂದ ಸಣ್ಣತಿಮ್ಮಯ್ಯ. “ಮರದ ಮೇಲೆ ತೋರ್ಸು.”

ಮರ ಹತ್ತುವವನು ಮೂಡಲ ಸಾಲಿನಿಂದ ಒಂದು ಗರಿ ಕಡಿದು ತಂದ. ಗಿರಿಜೆ ಸೀರೆಯ ಪಿನ್ನು ತೆಗೆದು, ಗರಿಯ ಅಡಿಯ ಬಲೆಯನ್ನು ಬಿಡಿಸಿದಳು. ಜೀವಂತ ಹುಳು, ತಲೆಯೆತ್ತಿ ನೋಡಿತು. ಯಾರೋ ನಕ್ಕರು. ಎರಡನೆಯ ಬಲೆ. ಮತ್ತೆ ಜೀವಂತ ಹುಳು. ಅವಳು ಹುಣಸೆಮರದ ಕಡೆ ನೋಡಿದಳು. ಅವನು ಅವಳನ್ನೇ ನೋಡುತ್ತಿದ್ದ. ಮುಂದೆ ಬರಲಿಲ್ಲ. ಇದು ನಿಮ್ಮದು ಅನ್ನುವ ಹಾಗೆ ನಿಂತಿದ್ದ.

ಮೂರನೆಯ ಬಲೆ ಬಿಡಿಸಿದಳು. ಒಳಗೆ ಬತ್ತಿ ಚರ್ಮವಾದ ಹುಳು. ಪಕ್ಕದಲ್ಲಿ ಅಕ್ಕಿನುಚ್ಚಿನಂಥ ಏಳು ಗೂಡುಗಳು. ಒಂದರ ತುದಿ ಬಿರಿದು, ಒದ್ದೆ ರೆಕ್ಕೆಯ ಕಣಜವೊಂದು ಅವಳ ಉಗುರಿನ ಮೇಲೆ ಹತ್ತಿ ನಿಂತಿತು.

ಸಣ್ಣತಿಮ್ಮಯ್ಯ ಬಗ್ಗಿ, ಗೋಡೆಯ ಕೊನೆಯ ಚೌಕವನ್ನು ನೋಡಿದ, ಅವಳ ಉಗುರನ್ನು ನೋಡಿದ, ಮತ್ತೆ ಗೋಡೆ ನೋಡಿದ.

“ಮದ್ದಿನ ಡಬ್ಬಿ ಎಲ್ಲೂ ಓಡೋಗಕಿಲ್ಲ,” ಅಂದ. “ಹದಿನೈದು ದಿನ ನೋಡಾನ ಬುಡ್ರಪ್ಪ.”

ಬುಧವಾರ ಸಂಜೆ ತೋಂಟದಾರ್ಯ ಬಂದಾಗ ದ್ರಾಕ್ಷಾಯಣಮ್ಮ ಅಕ್ಕಿಯ ಮೊರ ಎತ್ತಿಕೊಂಡು, ಕೆಲಸ ನೆನಪಾದವರಂತೆ ಒಳಗೆ ಹೋದರು.

“ಸಾಹೇಬ್ರಿಗೆ ಗೋಡೆ ವಿಷಯ ಹೇಳ್ದೆ,” ಅಂದ ಅವನು. “ಊರೂರಿಗೂ ನೀವೇ ಬಂದು ಬರ್ದು ಹೇಳ್ತೀರಾ ಅಂತ ಕೇಳಿದ್ರು. ಮೊದ್ಲು ದಂಡಿನಶಿವರ. ಅದು... ಅಂದ್ರೆ, ನಮ್ಮೂರು. ಅಲ್ಲಿ ನಮ್ಮವ್ವ... ಅಂದ್ರೆ ಹುಳನೂ ಜಾಸ್ತಿ...”

ಮಾತಿನ ಮಲ್ಲ ಬೆವರುತ್ತಿದ್ದ. ಗಿರಿಜೆ ಸ್ವಲ್ಪ ಹೊತ್ತು ಹಾಗೇ ಬಿಟ್ಟಳು. ನೋಡಲು ಚೆನ್ನಾಗಿತ್ತು.

“ಚಿತ್ರ ಬರೆಯೋಕೆ ಬರ್ತೀನಿ,” ಅಂದಳು. “ಅದು ಒಂದು ಮಾತು. ಇನ್ನೊಂದು ನಿಮ್ಮ ಗಂಟಲಲ್ಲಿ ಸಿಕ್ಕೊಂಡಿದೆಯಲ್ಲ, ಅದಕ್ಕೂ ಹೂಂ.”

ಅವನು ಕಿಟಕಿಯ ಸರಳು ಹಿಡಿದುಕೊಂಡ.

“ಆದ್ರೆ ನಿಮ್ಮವ್ವನಿಗೆ ಮೊದ್ಲೇ ಹೇಳಿ. ಮದುವೆ ಆದ ಮೇಲೂ ಈ ಕೆಲ್ಸ ಬಿಡಲ್ಲ.”

“ಬಿಟ್ರೆ ನಾನೇ ಬಿಡಲ್ಲ,” ಅಂದ. ಅಂದು, ತನ್ನ ಮಾತಿಗೆ ತಾನೇ ಗಲಿಬಿಲಿಯಾದ. ಇಬ್ಬರೂ ನಕ್ಕರು. ಈ ಸಲ ಅವಳು ಯಾವ ಕಡೆಗೂ ತಿರುಗಲಿಲ್ಲ.

ಮುಂದಿನ ವಾರ ದಂಡಿನಶಿವರದ ಚಾವಡಿಯಲ್ಲಿ ಐವತ್ತು ಜನ ಸೇರಿದ್ದರು. ಗಿರಿಜೆ ಹಾಳೆಗಳನ್ನು ಗೋಡೆಗೆ ಸಿಕ್ಕಿಸಿ, ಜನರ ಕಡೆ ತಿರುಗಿ ಅಂದಳು, “ಎಲ್ಲಾರೂ ಸ್ವಲ್ಪ ಹತ್ತಿರ ಬನ್ನಿ. ಇದು ಬಹಳ ಸಣ್ಣ ಜೀವ.”

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಸುಮ್ಮನಿರಲಿಲ್ಲ. ಈ ಕಣಜ ಮಕ್ಕಳಿಗೆ ಕಚ್ಚುತ್ತಾ, ಹಸುವಿಗೆ ಏನೂ ಆಗಲ್ವಾ, ಮಳೆಗಾಲದಲ್ಲಿ ಎಲ್ಲಿರುತ್ತೆ, ನೀನು ಇದನ್ನೆಲ್ಲ ಎಷ್ಟು ದಿನ ಕೂತು ನೋಡಿದೆ, ಬೇಜಾರಾಗ್ಲಿಲ್ವಾ. ಗಿರಿಜೆ ಒಂದೊಂದಕ್ಕೂ ನಿಧಾನವಾಗಿ ಉತ್ತರ ಹೇಳಿದಳು. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ನೋಡಿ ಹೇಳ್ತೀನಿ ಅಂದಳು.

ಸಭೆ ಮುಗಿದ ಮೇಲೆ ತೋಂಟದಾರ್ಯ ಅವಳ ಹತ್ತಿರ ಬಂದು ಮೆಲ್ಲಗೆ ಅಂದ, “ಆಗಿಂದ ನಿಮ್ಮ ಪ್ರಾಣ ತಿಂದ್ರಲ್ಲ, ಅವ್ರೇ ನಮ್ಮವ್ವ. ಕಲ್ಲಮ್ಮ.”

ಗಿರಿಜೆಯ ಕೈಯಿಂದ ಹಾಳೆಗಳು ಜಾರಿದವು. ಮೈಮೇಲೆ ದಿನಬಳಕೆಯ ಸೀರೆ. ಬೆರಳೆಲ್ಲ ಇದ್ದಿಲು. ಹಣೆಯ ಬೆವರೊರೆಸಿದ ಗುರುತು ಬೇರೆ ಮುಖಕ್ಕೆ ಮೆತ್ತಿತ್ತು.

ಕಲ್ಲಮ್ಮ ಎದ್ದು ಬಂದು, ಬಿದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿ, ಧೂಳು ಕೊಡವಿ, ಸುರುಳಿ ಸುತ್ತಿ ತಮ್ಮ ಕಂಕುಳಲ್ಲೇ ಇಟ್ಟುಕೊಂಡರು.

“ಹೆಣ್ಣು ನೋಡೋಕೆ ಯಾವತ್ತು ಹೋಗಾನ ಅಂತ ಕೇಳ್ತಿದ್ಯಲ್ಲ,” ಅಂದರು ಮಗನಿಗೆ. “ನಾನು ನೋಡಾಯ್ತು ಕಣಪ್ಪ. ಕರ್ಕೊಂಡು ಬಾ, ಅವಳು ನಮ್ಮನೆ ನೋಡ್ಲಿ.”